ಈ ಇಂಟರ್ನ್‌ಶಿಪ್ ಬೆಂಗಳೂರಿಗೆ ಮಾತ್ರ ಯಾಕೆ?

ಡಿಗ್ರಿ ಕೊನೇ ವರ್ಷದಲ್ಲಿ ನಮಗೆಲ್ಲ ಇಂಟರ್ನ್‌ಶಿಪ್ ಇತ್ತು. ಗೆಳೆಯರು ಪೇಪರ್ ಆಫೀಸು, ಲೋಕಲ್ ಚಾನೆಲ್ ಅಂತ ಹೋದರು. ನಾನು ಬೆಂಗಳೂರಿಗೆ ಹೋಗಿ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಆರು ವಾರ ಇದ್ದೆ. ಮನೆಯಲ್ಲಿ 'ಮಾನವ ಹಕ್ಕುಗಳ ಆಫೀಸು' ಅಂತಷ್ಟೇ ಹೇಳಿದ್ದೆ. ಪೂರ್ತಿ ಹೇಳಲು ಧೈರ್ಯ ಸಾಲಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಲೈಂಗಿಕ ಅಲ್ಪಸಂಖ್ಯಾತರು ಅಂದರೆ ಯಾರು? ಗಂಡಸನ್ನೇ ಇಷ್ಟಪಡುವ ಗಂಡಸರು, ಹೆಂಗಸನ್ನೇ ಇಷ್ಟಪಡುವ ಹೆಂಗಸರು, ಇಬ್ಬರನ್ನೂ ಇಷ್ಟಪಡುವವರು, ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎನ್ನುವ ಟ್ರಾನ್ಸ್‌ಜೆಂಡರ್ ಜನ. ಇಂಗ್ಲಿಷ್ ಪೇಪರುಗಳು ಎಲ್‌ಜಿಬಿಟಿ ಅನ್ನುವುದು ಇವರನ್ನೇ.

ಅಲ್ಲಿ ನನ್ನ ಕೆಲಸ ಬಹಳ ಸರಳ. ಜನ ಬಂದು ತಮ್ಮ ಕಷ್ಟ ಹೇಳುತ್ತಾರೆ. ಮನೆ ಮಾಲೀಕ ಸಾಮಾನು ಹೊರಗೆ ಹಾಕಿದ್ದು, ಪೊಲೀಸರು ಹೊಡೆದದ್ದು, ಅಣ್ಣಂದಿರು ಬಲವಂತವಾಗಿ ಮದುವೆ ಮಾಡಿಸಿದ್ದು. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಯಾವ ದಿನ, ಯಾವ ಸ್ಟೇಷನ್, ಯಾರು ನೋಡಿದರು, ಆಸ್ಪತ್ರೆ ಚೀಟಿ ಇದೆಯಾ ಅಂತ ಕೇಳಿ ಸೇರಿಸಬೇಕು. ಆಮೇಲೆ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಫೈಲಿಗೆ.

ಬರೆದುಕೊಂಡು ಏನು ಬರುತ್ತದೆ ಅಂತ ನನಗೂ ಅನ್ನಿಸಿತ್ತು. ಅಲ್ಲಿನ ಹಿರಿಯರೊಬ್ಬರು ಎರಡು ತೀರ್ಪು ಓದಲು ಕೊಟ್ಟರು.

ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧ ಮಾಡಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಇಬ್ಬರೂ ಒಪ್ಪಿ ಇದ್ದರೆ ಅದು ಅಪರಾಧವಲ್ಲ ಎಂದಿತು. ಆ ತೀರ್ಪಿನಲ್ಲಿ ನಮ್ಮ ಬೆಂಗಳೂರಿನ ಒಂದು ಘಟನೆ ಇದೆ. 2004ರಲ್ಲಿ ಒಬ್ಬ ಹಿಜ್ರಾ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಮಾಡಿದರು. ಆಮೇಲೆ ಠಾಣೆಯಲ್ಲಿ ಅವರನ್ನೇ ಬೆತ್ತಲೆ ಮಾಡಿ, ಕಿಟಕಿಗೆ ಬೇಡಿ ಹಾಕಿ ಹಿಂಸಿಸಿದರು. ಇದು ದೆಹಲಿ ಜಡ್ಜ್‌ಗಳ ಮುಂದೆ ಹೋದದ್ದು ಯಾರೋ ಕೂತು ಬರೆದಿಟ್ಟಿದ್ದರಿಂದ.

2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕೊಟ್ಟ ಕಾರಣಗಳಲ್ಲಿ ಎರಡನ್ನು ಗಮನಿಸಿ. ಒಂದು, 150 ವರ್ಷದಲ್ಲಿ ಈ ಕಲಂ ಕೆಳಗೆ ಕೇಸು ನಡೆದದ್ದು 200 ಜನರ ಮೇಲೂ ಇಲ್ಲ. ಇನ್ನೊಂದು, ಸರ್ಕಾರಿ ಸಂಸ್ಥೆಗಳು ತಾರತಮ್ಯ ಮಾಡಿದ್ದಕ್ಕೆ ಅರ್ಜಿದಾರರು ಸರಿಯಾದ ವಿವರ ಕೊಟ್ಟಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳ ಪೀಠ ಅದನ್ನು ಸರಿಪಡಿಸಿತು. ಆದರೆ ನಡುವಿನ ಐದು ವರ್ಷ ಆ ಜನ ಮತ್ತೆ ಅಪರಾಧಿಗಳಾಗಿ ಬದುಕಿದರು.

ಈಗ ನಮ್ಮ ಊರಿನ ಕಡೆ ಬನ್ನಿ. ಒದೆ ತಿಂದವರಲ್ಲಿ ಎಷ್ಟು ಜನ ಠಾಣೆಗೆ ಹೋಗಿ ಬರೆಸುತ್ತಾರೆ? ಊರು ಬಿಟ್ಟು ಹೋದವರ ಲೆಕ್ಕ ಯಾರ ಹತ್ತಿರ ಇದೆ? ಬೆಂಗಳೂರಿನಲ್ಲಿ ಹೊಡೆದರೆ ಬರೆದುಕೊಳ್ಳುವವರು ಯಾರಾದರೂ ಸಿಗಬಹುದು. ಹೋಬಳಿ ಮಟ್ಟದಲ್ಲಿ ಹೊಡೆದರೆ ಅದು ಪಂಚಾಯ್ತಿ ಕಟ್ಟೆಯಲ್ಲೇ ಮುಗಿಯುತ್ತದೆ. ಕಾಗದದಲ್ಲಿ ಇಲ್ಲದ್ದು ಕೋರ್ಟಿನ ಪಾಲಿಗೆ ನಡೆದೇ ಇಲ್ಲ.

'ನಮ್ಮೂರಲ್ಲಿ ಅಂಥವರು ಇಲ್ಲ' ಅನ್ನುವವರಿಗೆ ಒಂದು ಮಾತು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸಿದವರು ಕರ್ನಾಟಕದಲ್ಲೇ 20,266 ಜನ. ಗಣತಿಯವರ ಮುಂದೆ ಹೇಳಿಕೊಳ್ಳದವರು ಇನ್ನೂ ಇದ್ದಾರೆ. ಹುಲಿಗೆಮ್ಮನ ಜಾತ್ರೆ, ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಜೋಗಪ್ಪನ ಕಾಲಿಗೆ ಬೀಳುತ್ತೇವೆ. ಅದೇ ಜೋಗಪ್ಪ ಬಾಡಿಗೆಗೆ ಮನೆ ಕೇಳಿದರೆ ಇಲ್ಲ ಅನ್ನುತ್ತೇವೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದೆವು. ಆದರೆ ಅಂಥ ಒಂದು ಮಗು ನಮ್ಮ ಮನೆಯಲ್ಲೇ ಹುಟ್ಟಿದರೆ? ಇನ್ನು ಸಲಿಂಗಿಗಳಂತೂ ಕಣ್ಣಿಗೇ ಬೀಳುವುದಿಲ್ಲ. ಮದುವೆಯಾಗಿ, ಮಕ್ಕಳಾಗಿ, ಬಾಯಿ ಮುಚ್ಚಿಕೊಂಡು ನಮ್ಮ ನಡುವೆಯೇ ಇದ್ದಾರೆ.

ಹಾಗಾದರೆ ಹಳ್ಳಿ ಹುಡುಗರು ಈ ಕೆಲಸ ಕಲಿಯಲಿ ಅಂದರೆ ಅಡ್ಡಿ ಏನು?

ಮೊದಲನೆಯದು ದುಡ್ಡು. ನನಗೆ ಸ್ಟೈಪೆಂಡ್ ಇರಲಿಲ್ಲ. ಪಿಜಿ ಬಾಡಿಗೆ, ಬಸ್ಸು, ಊಟ ಎಲ್ಲ ಅಪ್ಪ ಹಾಲಿನ ಡೇರಿಯಿಂದ ತಂದ ದುಡ್ಡು. ನನ್ನ ಜೊತೆ ಇದ್ದ ಉಳಿದವರೆಲ್ಲ ನಗರದವರು, ಮನೆಯಿಂದಲೇ ಓಡಾಡುತ್ತಿದ್ದರು. ಹಕ್ಕುಗಳ ಬಗ್ಗೆ ಮಾತಾಡುವ ಸಂಸ್ಥೆಗಳು ಪುಕ್ಕಟೆ ದುಡಿಸಿಕೊಂಡರೆ, ದುಡ್ಡಿದ್ದವರ ಮಕ್ಕಳು ಮಾತ್ರ ಬರುತ್ತಾರೆ. ಸಂಸ್ಥೆಗಳು ಕನಿಷ್ಠ ಊಟ, ವಸತಿ ಖರ್ಚು ಕೊಡಲಿ.

ಎರಡನೆಯದು ಭಾಷೆ. ಅರ್ಜಿ ಇಂಗ್ಲಿಷ್, ಸಂದರ್ಶನ ಇಂಗ್ಲಿಷ್, ವರದಿ ಇಂಗ್ಲಿಷ್. ಕಷ್ಟ ಹೇಳುವವರು ಮಾತ್ರ ಕನ್ನಡ. ಕೊಪ್ಪಳದ ಮಾತು, ರಾಯಚೂರಿನ ಮಾತು ಗೊತ್ತಿರುವ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ವಾಪಸ್ ಕಳಿಸಿದರೆ ನಷ್ಟ ಯಾರಿಗೆ?

ಮೂರನೆಯದು ಗುಟ್ಟು ಕಾಯುವುದು. ಇದು ನಮಗೆ, ಅಂದರೆ ಪತ್ರಿಕೋದ್ಯಮ ಓದಿದವರಿಗೆ ಸೇರಿದ್ದು. ಯಾರು, ಎಲ್ಲಿ, ಯಾವಾಗ ಅಂತ ಮೊದಲ ಸಾಲಲ್ಲೇ ಬರೆಯಬೇಕು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಮೊದಲ ದಿನ ನಾನು ಹಾಗೇ ಮಾಡಿದೆ. ಹೆಸರು ಬದಲಿಸಿ, ತಾಲ್ಲೂಕು ಮತ್ತು ಅಪ್ಪನ ಕಸುಬು ಹಾಗೇ ಬಿಟ್ಟೆ. ಹಿರಿಯರು ಓದಿ, 'ನಿಮ್ಮೂರಲ್ಲಿ ಟೈಲರ್ ಎಷ್ಟು ಜನ ಇದ್ದಾರೆ?' ಅಂತ ಕೇಳಿದರು. ಒಬ್ಬನೇ. ಟೈಲರನ ಎರಡನೇ ಮಗ ಅಂದರೆ ಮುಗಿಯಿತು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆ ಹುಡುಗ ಮತ್ತೆ ಊರಿಗೆ ಕಾಲಿಡುವ ಹಾಗಿಲ್ಲ. ನಾಚಿಕೆಯಾಯಿತು, ಹಾಳೆ ಹರಿದು ಮತ್ತೆ ಬರೆದೆ. ನಗರದ ವಿದ್ಯಾರ್ಥಿಗೆ ಈ ಅಪಾಯ ಬೇಗ ಹೊಳೆಯುವುದಿಲ್ಲ. ಹಳ್ಳಿಯವರಿಗೆ ಒಮ್ಮೆ ಹೇಳಿದರೆ ಸಾಕು. ಅದಕ್ಕೇ ನಾವು ಬೇಕು.

ನನ್ನ ಸಲಹೆ ಇಷ್ಟು. ಟ್ರಾನ್ಸ್‌ಜೆಂಡರ್ ಜನರನ್ನು ಕಾನೂನು ಒಪ್ಪಬೇಕು, ಲಿಂಗ ಯಾವುದೆಂದು ಅವರೇ ಹೇಳಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್ 15ರಂದು. ಆ ಕೇಸು ಹಾಕಿದ್ದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ. ಅದರ ಜೊತೆ ಸೇರಿದ ಜಿಲ್ಲಾ ಪ್ರಾಧಿಕಾರ ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲೇ ಇದೆ. ತಾಲ್ಲೂಕಿನಲ್ಲಿ ಸಮಿತಿ ಇದೆ. ಕಾಲೇಜುಗಳು ಆ ಕಚೇರಿ ಜೊತೆ ಮಾತಾಡಿ, ಲಾ ಓದುವವರನ್ನೂ ನಮ್ಮಂಥವರನ್ನೂ ಅಲ್ಲಿಗೇ ಇಂಟರ್ನ್‌ಶಿಪ್‌ಗೆ ಹಾಕಲಿ. ಸಂಸ್ಥೆಗಳು ಬಂದು ಒಂದು ವಾರ ತರಬೇತಿ ಕೊಡಲಿ. ಮೈತ್ರಿ ಪಿಂಚಣಿಗೆ ಅರ್ಜಿ ತುಂಬುವುದು, ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಇರುವ ಶೇ 1 ಮೀಸಲಾತಿ ಬಗ್ಗೆ ತಿಳಿಸುವುದು, ದೌರ್ಜನ್ಯ ದಾಖಲಿಸುವುದು, ಇದೆಲ್ಲ ಮನೆಯಿಂದ ಓಡಾಡಿಕೊಂಡೇ ಮಾಡುವ ಕೆಲಸ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗಳೋ ಮಗನೋ ಈ ಕೆಲಸಕ್ಕೆ ಹೋಗುತ್ತೇನೆ ಅಂದರೆ 'ನೀನೂ ಹಾಗೇನಾ?' ಅಂತ ಕೇಳಬೇಡಿ. ಕುಷ್ಠರೋಗದ ಆಸ್ಪತ್ರೆಯ ನರ್ಸಿಗೆ ಕುಷ್ಠ ಇದೆಯಾ ಅಂತ ಯಾರೂ ಕೇಳುವುದಿಲ್ಲ ಅಂತ ಬರೆಯಲು ಹೊರಟಿದ್ದೆ, ಅಳಿಸಿದೆ. ಇದು ರೋಗವೇ ಅಲ್ಲವಲ್ಲ. ಒಂದು ವೇಳೆ ಮಗು 'ಹೌದು, ನಾನೂ ಹಾಗೇ' ಅಂದರೂ, ಆ ಮಾತನ್ನು ಬೇರೆಯವರಿಗಿಂತ ಮೊದಲು ನಿಮಗೆ ಹೇಳಿದೆ ಅಂತ ತಿಳಿಯಿರಿ.

ಈ ಬರಹ ಹಾಕಿದ ಮೇಲೆ ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ. ಆರು ವಾರದ ಹಾಲಿನ ದುಡ್ಡು ಎಲ್ಲಿಗೆ ಹೋಯಿತು ಅಂತ ಅವರಿಗೂ ಗೊತ್ತಾಗಬೇಕಲ್ಲ.