ವಿಶೇಷ ಶಾಲೆಗಳೂ ಸರ್ಕಾರದ ಲೆಕ್ಕ ತನಿಖೆಯೂ

ನಮ್ಮ ತಂದೆಯವರಿಗೆ ಅಕ್ಷರ ಬಾರದು, ಲೆಕ್ಕ ಬರುತ್ತದೆ. ಮಂಡಿಯಲ್ಲಿ ಹಮಾಲಿ ಮಾಡುವ ಅವರು ತಾವು ಹೊತ್ತ ಪ್ರತಿಯೊಂದು ಮೂಟೆಗೂ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಾರೆ. ಸಂಜೆ ಸಾಹುಕಾರರು ಗೀಟುಗಳನ್ನು ಎಣಿಸಿ ಕೂಲಿ ಕೊಡುತ್ತಾರೆ. “ಇಪ್ಪತ್ತು ವರ್ಷದ ನಂಬಿಕೆಯ ಸಾಹುಕಾರರು, ಅವರ ಹತ್ತಿರ ಗೀಟು ಯಾಕಪ್ಪ?” ಎಂದು ಒಮ್ಮೆ ಕೇಳಿದೆ. “ನಂಬಿಕೆ ಉಳೀಲಿ ಅಂತಲೇ ಗೀಟು, ಅವ್ವ” ಎಂದರು. ಸಾರ್ವಜನಿಕರ ಹಣಕ್ಕೆ ಸಂಬಂಧಿಸಿದ ಯಾವ ಚರ್ಚೆಯನ್ನು ಕೇಳಿದರೂ ನನಗೆ ಆ ಮಾತು ನೆನಪಿಗೆ ಬರುತ್ತದೆ.

ನನ್ನ ತಮ್ಮ ಹುಟ್ಟಿನಿಂದಲೇ ಕಿವುಡ. ಖಾಸಗಿ ಸಂಸ್ಥೆಯೊಂದು ಸರ್ಕಾರದ ಅನುದಾನದಿಂದ ನಡೆಸುತ್ತಿದ್ದ ವಸತಿಶಾಲೆಯಲ್ಲಿ ಅವನು ಕೆಲವು ವರ್ಷ ಓದಿದ. ಒಮ್ಮೆ ನಾನು ಅವನನ್ನು ನೋಡಲು ಹೋದ ದಿನವೇ ಅಲ್ಲಿ ಅಧಿಕಾರಿಗಳ ತಪಾಸಣೆ ನಡೆದಿತ್ತು. ಎಲ್ಲ ಮಕ್ಕಳ ಕಿವಿಯಲ್ಲೂ ಶ್ರವಣಯಂತ್ರ. ಹಾಸಿಗೆಗಳ ಮೇಲೆ ಹೊಸ ಹೊದಿಕೆ. ಕಂಡು ಸಂತೋಷಪಟ್ಟೆ. ಮರುತಿಂಗಳು ಹೋದಾಗ ತಮ್ಮನ ಕಿವಿ ಬರಿದಾಗಿತ್ತು. ಯಂತ್ರವೆಲ್ಲಿ ಎಂದು ಸನ್ನೆಯಲ್ಲಿ ಕೇಳಿದರೆ, ಬೀಗ ಹಾಕಿದ ಬೀರುವಿನ ಕಡೆ ಬೆರಳು ತೋರಿಸಿದ. ಅದೇ ಶಾಲೆಯಲ್ಲಿ, ನಾಲ್ಕು ತಿಂಗಳಿಂದ ಸಂಬಳ ಕಾಣದ ಅಧ್ಯಾಪಕಿಯೊಬ್ಬರು ಅವನ ಕೈಹಿಡಿದು ಅವನ ಹೆಸರನ್ನೂ, ಅದರ ಕೆಳಗೆ “ಅಕ್ಕ” ಎಂಬ ಮಾತನ್ನೂ ಬರೆಯಲು ಕಲಿಸಿದ್ದರು. ಆ ಬೀರುವೂ ನಿಜ, ಆ ಅಧ್ಯಾಪಕಿಯೂ ನಿಜ. ತಪಾಸಣೆಯ ವರದಿಯಲ್ಲಿ ಇವೆರಡರಲ್ಲಿ ಒಂದೂ ಬಂದಿರಲಾರದು.

ನಮ್ಮಲ್ಲಿ ಕಾಯಿದೆಗಳಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಅವರದು. ಆದರೆ ಇಂಥ ಶಾಲೆಗಳಲ್ಲಿ ಬಹಳಷ್ಟನ್ನು ನಡೆಸುವವರು ಖಾಸಗಿ ಸಂಸ್ಥೆಗಳವರು. ಅವರಿಗೆ ರಾಜ್ಯ ಸರ್ಕಾರವೂ ಅನುದಾನ ಕೊಡುತ್ತದೆ. 2003ರಲ್ಲಿ ದೀನದಯಾಳರ ಹೆಸರನ್ನು ಪಡೆದ ಪುನರ್ವಸತಿ ಯೋಜನೆಯ ಮೂಲಕ ಕೇಂದ್ರವೂ ಕೊಡುತ್ತದೆ. ಅಂದಮೇಲೆ ಆ ಹಣ ನಮ್ಮೆಲ್ಲರ ಹಣ.

ಇದರ ಲೆಕ್ಕವನ್ನು ನೋಡುವವರಾರು? ಸಂವಿಧಾನದ 148ನೆಯ ವಿಧಿಯಂತೆ ಮಹಾಲೇಖಪಾಲರಿದ್ದಾರೆ. ಅವರ ಅಧಿಕಾರಗಳನ್ನು ನಿರೂಪಿಸುವ 1971ರ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಒಂದು ಸಂಸ್ಥೆಗೆ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಅನುದಾನ ಅಥವಾ ಸಾಲ ದೊರೆತು, ಅದು ಸಂಸ್ಥೆಯ ಒಟ್ಟು ವೆಚ್ಚದ ಶೇಕಡಾ 75ಕ್ಕೆ ಕಡಿಮೆಯಿಲ್ಲದಿದ್ದರೆ ಅವರು ಲೆಕ್ಕವನ್ನು ಪರಿಶೋಧಿಸಬೇಕು. ಈ ಗೆರೆಯ ಕೆಳಗಿರುವ ಸಣ್ಣ ಶಾಲೆಗಳಿಗೆ ಆ ಕಡ್ಡಾಯವಿಲ್ಲ. ಅಲ್ಲಿ ಉಳಿಯುವುದು ಸಂಸ್ಥೆಯೇ ಬರೆದುಕೊಡುವ ಹಣ ಬಳಕೆಯ ಪ್ರಮಾಣಪತ್ರ, ಸಂಸ್ಥೆಯೇ ಸಂಭಾವನೆ ಕೊಟ್ಟು ಗೊತ್ತುಮಾಡಿಕೊಂಡ ಲೆಕ್ಕಿಗರ ಸಹಿ, ವರ್ಷಕ್ಕೊಮ್ಮೆ ತಿಳಿಸಿ ಬರುವ ತಪಾಸಣೆ. ಕಚೇರಿಯು ಕಾಗದವನ್ನಷ್ಟೇ ನೋಡಿ ತೃಪ್ತಿಪಟ್ಟರೆ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಗುತ್ತದೆ.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವೈಕಲ್ಯವುಳ್ಳ ಮೂರು ನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳೇ ನಡೆಸುತ್ತವೆ, ಹಣ ಸರ್ಕಾರದ್ದು. ಸಂಸ್ಥೆ ತೋರಿಸಿದ ಖರ್ಚಿನ ಆಧಾರದ ಮೇಲೆಯೇ ಅದಕ್ಕೆ ಸಲ್ಲುವ ದರ ಗೊತ್ತಾಗುತ್ತಿದ್ದುದರಿಂದ, ಖರ್ಚನ್ನು ಹಿಗ್ಗಿಸಿದವರಿಗೇ ಲಾಭ. ಮಾಲೀಕರ ಸ್ವಂತ ವೆಚ್ಚಗಳೂ ಬಂಧುಗಳ ಸಂಬಳಗಳೂ ಮಕ್ಕಳ ಹೆಸರಿನಲ್ಲಿ ಲೆಕ್ಕಕ್ಕೆ ಸೇರಿದ್ದವೆಂಬುದು ಪರಿಶೋಧನೆಗಳಿಂದ ಬೆಳಕಿಗೆ ಬಂತು. 2013ರಲ್ಲಿ ಅಲ್ಲಿಯ ಶಾಸನಸಭೆ ಒಂದು ಕಾಯಿದೆ ಮಾಡಿ, 2018ರ ಮಾರ್ಚ್ 31ರೊಳಗಾಗಿ ಇಂಥ ಎಲ್ಲ ಸಂಸ್ಥೆಗಳ ಲೆಕ್ಕವನ್ನೂ ಪರಿಶೋಧಿಸಬೇಕೆಂದು ರಾಜ್ಯದ ಲೆಕ್ಕಾಧಿಕಾರಿಗೆ ವಿಧಿಸಿತು. ದೊಡ್ಡದು ಚಿಕ್ಕದೆಂಬ ಭೇದವಿಲ್ಲದೆ ಎಲ್ಲರನ್ನೂ ನೋಡಬೇಕೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಎಲ್ಲರನ್ನೂ ನೋಡಿದಾಗ ಯಾರ ಮೇಲೂ ಸಂಶಯಪಟ್ಟಂತೆ ಆಗುವುದಿಲ್ಲ.

“ಸೇವೆ ಮಾಡುವವರನ್ನು ಹೀಗೆ ಪೀಡಿಸಿದರೆ ಈ ಕೆಲಸಕ್ಕೆ ಯಾರು ಬಂದಾರು?” ಎಂದು ಕೆಲವರು ಆಕ್ಷೇಪಿಸಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಅನುದಾನ ತಡವಾದಾಗ ಸಾಲ ಮಾಡಿ ಮಕ್ಕಳಿಗೆ ಅನ್ನ ಹಾಕುವ ಪ್ರಾಮಾಣಿಕ ಸಂಸ್ಥೆಯವರಿಗೆ ರಸೀತಿಯೊಂದು ಕಡಿಮೆಯಾಯಿತೆಂದು ಕಂತನ್ನು ತಡೆಹಿಡಿಯುವುದು ಅನ್ಯಾಯ. ಕೆಟ್ಟ ಶಾಲೆಗಳಿವೆ ಎಂದು ಅನುದಾನವನ್ನೇ ನಿಲ್ಲಿಸಿದರೆ, ನೆಗಡಿ ಬಂತೆಂದು ಮೂಗನ್ನು ಕೊಯ್ದಂತೆ. ನನ್ನ ತಮ್ಮನಂಥವರು ಮತ್ತೆ ಮನೆಯ ಜಗಲಿಗೆ ಬಂದು ಕೂರಬೇಕಾಗುತ್ತದೆ. ಆದರೆ ತನಿಖೆಯಿಲ್ಲದಿದ್ದರೆ ನಷ್ಟಪಡುವವರೂ ಆ ಪ್ರಾಮಾಣಿಕರೇ ಅಲ್ಲವೆ? ಒಳ್ಳೆಯವರಿಗೂ ಕಳ್ಳರಿಗೂ ಒಂದೇ ಪ್ರಮಾಣಪತ್ರ ಸಿಕ್ಕುವ ಕಡೆ ಒಳ್ಳೆಯವರಿಗೆ ಬೆಲೆಯೆಲ್ಲಿ?

ಆದ್ದರಿಂದ ನನ್ನ ಅಲ್ಪಮತಿಗೆ ತೋರಿದ ಮೂರು ಸಲಹೆಗಳನ್ನು ವಾಚಕರ ಮುಂದಿಡುತ್ತೇನೆ. ಮೊದಲನೆಯದು, ಅನುದಾನ ಎಷ್ಟೇ ಸಣ್ಣದಿರಲಿ, ಸರದಿಯ ಮೇಲೆ ಪ್ರತಿಯೊಂದು ಶಾಲೆಯೂ ಸರ್ಕಾರಿ ಪರಿಶೋಧನೆಗೆ ಒಳಪಡಬೇಕು. ಪರಿಶೋಧಕರು ತಿಳಿಸದೆ ಬರಬೇಕು. ಹಾಜರಿ ಪುಸ್ತಕದ ಹೆಸರುಗಳನ್ನು ಎದುರಿಗಿರುವ ಮಕ್ಕಳೊಡನೆ ತಾಳೆ ನೋಡಬೇಕು. ಸನ್ನೆಭಾಷೆ ಬಲ್ಲವರೊಬ್ಬರು ಅವರ ಜೊತೆಗಿರಬೇಕು. ಇಲ್ಲವಾದರೆ ಬೀರುವಿನ ಸಂಗತಿಯನ್ನು ಮಕ್ಕಳು ಯಾರಿಗೆ ಹೇಳಿಯಾರು? ಎರಡನೆಯದು, 2016ರ ಕಾಯಿದೆಯ 48ನೆಯ ಕಲಮು ಅಂಗವಿಕಲರಿಗೆ ಸಂಬಂಧಿಸಿದ ಯೋಜನೆಗಳ ಸಾಮಾಜಿಕ ಪರಿಶೋಧನೆಯನ್ನು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. ಅದರಂತೆ ವರ್ಷಕ್ಕೊಮ್ಮೆ ತಂದೆತಾಯಿಗಳ ಸಭೆ ಕರೆದು, ಬಂದ ಹಣ ಎಷ್ಟು, ಖರ್ಚು ಯಾವುದಕ್ಕೆ ಎಂಬುದನ್ನು ತಿಳಿಗನ್ನಡದಲ್ಲಿ ಓದಿ ಹೇಳಬೇಕು. ಮೂರನೆಯದು, ಸರ್ಕಾರದ ಲೆಕ್ಕವೂ ಅದೇ ಸಭೆಯಲ್ಲಿ ಬರಬೇಕು: ಅನುದಾನ ಯಾವ ತಾರೀಖಿಗೆ ಸಲ್ಲಬೇಕಿತ್ತು, ಯಾವ ತಾರೀಖಿಗೆ ಸಂದಿತು? ಲೆಕ್ಕ ಕೇಳುವವರು ಮೊದಲು ಲೆಕ್ಕ ಕೊಡುವವರಾಗಬೇಕು.

ನಾವು ಓದುತ್ತಿರುವುದೂ ಸಾರ್ವಜನಿಕರ ಹಣದಿಂದಲೇ. ನಮ್ಮಲ್ಲಿ ಕೆಲವರು ನಾಳೆ ಗುಮಾಸ್ತರಾಗಿಯೋ ಪರಿಶೋಧಕರಾಗಿಯೋ ಇಂಥ ಶಾಲೆಯ ಕಡತವೊಂದನ್ನು ಕೈಗೆ ತೆಗೆದುಕೊಳ್ಳುವವರು. ಆ ದಿನ ಸಹಿ ಹಾಕುವ ಮುನ್ನ ಒಂದು ಸಾರಿ ಆ ಶಾಲೆಗೆ ಹೋಗಿ, ಬೀರುವಿನ ಬೀಗ ತೆಗೆಸಿ ನೋಡೋಣ. ಸಂಬಳ ಬಾರದಿದ್ದರೂ ಪಾಠ ಹೇಳುತ್ತಿರುವ ಅಧ್ಯಾಪಕಿ ಅಲ್ಲಿದ್ದರೆ ಅವರ ಹೆಸರನ್ನೂ ಮರೆಯದೆ ವರದಿಯಲ್ಲಿ ಬರೆಯೋಣ.