ಡಬ್ಬಿಯ ಪುಡಿ, ದುಡಿಮೆಯ ಹಣ

ಯಶವಂತಪುರದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ದುಡಿದ ಸೋದರಿಯೊಬ್ಬರು ಕಳೆದ ತಿಂಗಳು ನಮ್ಮ ಕಚೇರಿಗೆ ಬಂದಿದ್ದರು. ಊರ ಜಾತ್ರೆಗೆಂದು ಬಂದವರು ಹಾಗೆಯೇ ಇತ್ತ ಕಾಲು ಹಾಕಿದ್ದರು. ಕೈಯಲ್ಲೊಂದು ಬಟ್ಟೆಯ ಚೀಲ, ಚೀಲದೊಳಗೆ ಏಳು ಡಬ್ಬಿ; ಮೂರರಲ್ಲಿ ಪ್ರೋಟೀನ್ ಪುಡಿ, ನಾಲ್ಕರಲ್ಲಿ ಗುಳಿಗೆ. “ಇವನ್ನ ಯಾರಿಗಾದರೂ ಮಾರಿಸಿಕೊಡಿ ಅಣ್ಣಾ, ಅರ್ಧ ದುಡ್ಡು ಬಂದರೂ ಸಾಕು” ಎಂದರು. ಕೊಂಡ ಹಣ ಎಲ್ಲಿಯದೆಂದು ಕೇಳಿದೆವು. ಹಳೆಯ ಕಾರ್ಖಾನೆ ಬಿಟ್ಟಾಗ ಕೈಗೆ ಬಂದ ಭವಿಷ್ಯ ನಿಧಿಯ ಹಣವಂತೆ. ಈ ನಿಧಿಗಾಗಿಯೇ ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರ ಸಾವಿರವಾಗಿ ಬೀದಿಗಿಳಿದು, ಲಾಠಿಯ ಏಟು ತಿಂದು, ಕೇಂದ್ರ ಸರಕಾರದ ನಿಯಮವನ್ನೇ ಹಿಂತೆಗೆಸಿದ್ದನ್ನು ವಾಚಕರು ಮರೆತಿರಲಾರರು. ಸರಕಾರದ ಕೈಯಿಂದ ಉಳಿಸಿಕೊಂಡ ಹಣ ಡಬ್ಬಿಯ ಪುಡಿಯಾಗಿ ಹೋಯಿತು.

ಹೇಗೆ ಹೋಯಿತೆಂಬುದನ್ನು ಅವರೇ ಹೇಳಿದರು. ಪಕ್ಕದ ಬೀದಿಯವರೊಬ್ಬರು “ಅಕ್ಕಾ, ಸುಮ್ಮನೆ ಬಂದು ತೂಕ ನೋಡಿಸಿಕೊಂಡು ಹೋಗಿ, ಕಾಸೇನೂ ಬೇಡ” ಎಂದು ಕರೆದೊಯ್ದರು. ಇಂಥ ಕೂಟಗಳು ಇಂದು ಯಲಹಂಕ ಉಪನಗರದಲ್ಲಿ, ಹೆಬ್ಬಾಳದಲ್ಲಿ, ಆರ್.ಟಿ. ನಗರದಲ್ಲಿ ಮನೆಯ ಮುಂಗೋಣೆಗಳಲ್ಲೇ ನಡೆಯುತ್ತವೆ. ಬೆಳಗ್ಗೆ ಒಂದು ಲೋಟ ಪೇಯ, ಗೋಡೆಯ ಮೇಲೆ ತೆಳ್ಳಗಾದವರ ಭಾವಚಿತ್ರ, ಭಾನುವಾರ ಕಲ್ಯಾಣ ಮಂಟಪದಲ್ಲಿ ಸಭೆ. ಸಭೆಯಲ್ಲಿ ಆ ಸೋದರಿಯನ್ನು ವೇದಿಕೆಗೆ ಕರೆದು ಹಾರ ಹಾಕಿ “ಮೇಡಂ” ಎಂದರಂತೆ. ಕಾರ್ಖಾನೆಯಲ್ಲಿ ಹನ್ನೊಂದು ವರ್ಷವೂ ಮೇಸ್ತ್ರಿಯಿಂದ ಏಕವಚನವನ್ನೇ ಕೇಳಿದ ಕಿವಿ ಅದು. ನಮ್ಮ ಸಂಘಗಳ ಸಭೆಯಲ್ಲಿ ಈಕೆಯನ್ನು ಎಂದಾದರೂ ಯಾರಾದರೂ ವೇದಿಕೆಗೆ ಕರೆದಿದ್ದರೇ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಮೊದಲು ಪುಡಿಯ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ ಲೆಕ್ಕದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಒಂದು ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, ಅರುವತ್ತು ಕೆ.ಜಿ. ತೂಗುವವರಿಗೆ ಸುಮಾರು 50 ಗ್ರಾಂ. ಇದನ್ನು ನಮ್ಮ ಅಡಿಗೆಮನೆಯಲ್ಲೇ ಕೂಡಿಸಿ ನೋಡೋಣ. ಕಾಲು ಕೆ.ಜಿ. ರಾಗಿಹಿಟ್ಟಿನಲ್ಲಿ 18 ಗ್ರಾಂ, ಮುಕ್ಕಾಲು ಹಿಡಿಗಿಂತ ಕೊಂಚ ಹೆಚ್ಚಾದೀತೇನೋ, 75 ಗ್ರಾಂ ಹುರುಳಿಯಲ್ಲಿ 16, ಎರಡು ಮೊಟ್ಟೆಯಲ್ಲಿ 12ರಿಂದ 13, 25 ಗ್ರಾಂ ಕಡಲೆಕಾಯಿ ಬೀಜದಲ್ಲಿ 6. ಐವತ್ತು ದಾಟಿತು. ಮುದ್ದೆ ಮತ್ತು ಹುರುಳಿಸಾರು ಯಾವ ಕಂಪನಿಯ ಸೊತ್ತೂ ಅಲ್ಲ. ಹೆಬ್ಬಾಳದ ಆಚೆಗಿರುವ ಜಿ.ಕೆ.ವಿ.ಕೆ.ಯಲ್ಲಿ ಸರಕಾರದ ಸಂಬಳದ ವಿಜ್ಞಾನಿಗಳು ಬೆಳೆಸಿದ ಜಿಪಿಯು-28 ರಾಗಿ ರೈತರ ಹೊಲ ಸೇರಿ ಎಷ್ಟೋ ವರ್ಷವಾಯಿತು. ಅದೇ ಹೆಬ್ಬಾಳದಲ್ಲಿ ಬೆಳಗ್ಗೆ ಲೋಟದ ಪೇಯಕ್ಕೆ ಸಾಲು ನಿಲ್ಲುತ್ತಾರೆ. ಇದೇ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಸೂಚಿಯಲ್ಲಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ತಿನ್ನಬೇಡಿರೆಂದೂ, ಹೆಚ್ಚಾಗಿ ಬಹುಕಾಲ ತಿಂದರೆ ಮೂಳೆಗೂ ಮೂತ್ರಪಿಂಡಕ್ಕೂ ಹಾನಿಯಾಗಬಹುದೆಂದೂ ಎಚ್ಚರಿಸಿದೆ.

ಹಾಗೆಂದು ಎಲ್ಲ ಗುಳಿಗೆಯೂ ಮೋಸವೆಂದು ನಾವು ಹೇಳುವುದಿಲ್ಲ. ರಕ್ತಹೀನತೆಯಿರುವ ಹೆಂಗಸಿಗೆ ಕಬ್ಬಿಣದ ಗುಳಿಗೆ ಬೇಕೇ ಬೇಕು. ಕೆಲವರಿಗೆ ಬಿ12 ಬೇಕಾಗುತ್ತದೆ. ಆದರೆ ಅದನ್ನು ಹೇಳಬೇಕಾದವರು ರಕ್ತಪರೀಕ್ಷೆ ನೋಡಿದ ವೈದ್ಯರೇ ಹೊರತು ಕಮಿಷನ್ ಪಡೆಯುವ ಪಕ್ಕದ ಮನೆಯವರಲ್ಲ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಇನ್ನು ಡಬ್ಬಿಯ ಮೇಲೆಯೇ, ಆಹಾರ ಸುರಕ್ಷತೆಯ ಕಾನೂನಿನಂತೆ, ಔಷಧಿಯಾಗಿ ಬಳಸುವುದಕ್ಕಲ್ಲವೆಂದು ಅಚ್ಚಾಗಿರುತ್ತದೆ. ಡಬ್ಬಿ ಹೇಳುವುದೊಂದು, ಡಬ್ಬಿ ಮಾರುವವರ ಬಾಯಿ ಹೇಳುವುದು ಮತ್ತೊಂದು. ಸಕ್ಕರೆ ಕಾಯಿಲೆ ಹೋಗುತ್ತದೆ, ಮಂಡಿನೋವು ಹೋಗುತ್ತದೆ, ಬಿ.ಪಿ. ಗುಳಿಗೆ ಬಿಡಬಹುದು! ಈ ಕೊನೆಯ ಮಾತು ಅಪಾಯದ್ದು. ನಮ್ಮ ಕಚೇರಿಗೆ ಬಂದ ಸೋದರಿ ತಮ್ಮ ತಾಯಿಗೆ ಎರಡು ತಿಂಗಳು ಬಿ.ಪಿ. ಗುಳಿಗೆ ನಿಲ್ಲಿಸಿ ಪುಡಿ ಕೊಟ್ಟಿದ್ದರು. ತಾಯಿ ತಲೆಸುತ್ತಿ ಬಿದ್ದ ಮೇಲೆ ಮತ್ತೆ ಗುಳಿಗೆ ಶುರುವಾಯಿತು.

ದಣಿವು ಸುಳ್ಳಲ್ಲ. ಬೆಳಗ್ಗೆ ಐದಕ್ಕೆದ್ದು, ಅಡಿಗೆ ಮಾಡಿ, ಬಸ್ಸಿಗೆ ಓಡಿ, ಗಂಟೆಗಿಷ್ಟು ಕಾಲರ್ ಎಂಬ ಟಾರ್ಗೆಟ್ಟಿನ ಅಡಿಯಲ್ಲಿ ದಿನವೆಲ್ಲ ಬಗ್ಗಿ ಕೂತವರ ಸೊಂಟ ನೋಯದಿದ್ದೀತೆ? ಈ ನೋವಿಗೆ ಕಾರಣ ಯಾವ ಜೀವಸತ್ವದ ಕೊರತೆಯೂ ಅಲ್ಲ. ಮಾರುವವರಿಗೆ ಗಿರಾಕಿ ಸಿಗುವುದು ನೋವು ನಿಜವಾದುದರಿಂದಲೇ.

ಈಗ ವ್ಯಾಪಾರದ ವಿಚಾರ. ಇದು ಹೊಸ ಹೂಟವೆಂದು ತಿಳಿದವರಿದ್ದಾರೆ, ಅಲ್ಲ. ಇದು ಹುಟ್ಟಿದ್ದೇ ಜೀವಸತ್ವದ ಗುಳಿಗೆ ಮಾರುವುದಕ್ಕಾಗಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1945ರಲ್ಲಿ ನ್ಯೂಟ್ರಿಲೈಟ್ ಎಂಬ ಗುಳಿಗೆಯನ್ನು ಸರಪಳಿಯಂತೆ ಒಬ್ಬರಿಂದೊಬ್ಬರಿಗೆ ಮಾರುವ ಕ್ರಮ ಹೂಡಿದರು. ರೋಗಗಳು ವಾಸಿಯಾಗುತ್ತವೆಂಬ ಅರ್ಥದ ಪುಸ್ತಿಕೆ ಹಂಚಿದ್ದಕ್ಕೆ ಅಲ್ಲಿಯ ಸರಕಾರ ಮಾಲು ಜಪ್ತಿ ಮಾಡಿತು. ವ್ಯಾಜ್ಯ 1950ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ಗುಳಿಗೆ ಮಾರುತ್ತಿದ್ದವರಲ್ಲಿ ಇಬ್ಬರು 1959ರಲ್ಲಿ ಆಮ್ವೇ ಕಂಪನಿ ಕಟ್ಟಿದರು. ಅದು 1998ರಲ್ಲಿ ನಮ್ಮ ದೇಶದಲ್ಲಿ ವ್ಯಾಪಾರ ತೆರೆಯಿತು.

ಸರಪಳಿಯ ಗಣಿತ ಶಾಲೆಯ ಹುಡುಗರೂ ಮಾಡಬಹುದಾದದ್ದು. ನೀವು ಆರು ಜನರನ್ನು ಸೇರಿಸಿ, ಅವರು ತಲಾ ಆರು ಜನರನ್ನು ಸೇರಿಸಲಿ ಎನ್ನುತ್ತಾರೆ. ಎರಡನೆಯ ಮೆಟ್ಟಿಲಲ್ಲಿ 36, ಮೂರರಲ್ಲಿ 216, ಐದರಲ್ಲಿ 7,776. ಏಳನೆಯ ಮೆಟ್ಟಿಲಲ್ಲಿ 2 ಲಕ್ಷ 80 ಸಾವಿರದಷ್ಟು. ಹತ್ತನೆಯದರಲ್ಲಿ 6 ಕೋಟಿ 4 ಲಕ್ಷ! 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ, ತೊಟ್ಟಿಲ ಕೂಸನ್ನೂ ಸೇರಿಸಿ, 6 ಕೋಟಿ 11 ಲಕ್ಷ. ಹತ್ತನೆಯ ಮೆಟ್ಟಿಲಿನವರು ಯಾರಿಗೆ ಮಾರಬೇಕು? ಮೇಲಿನ ಕೆಲವರು ಗಳಿಸುತ್ತಾರೆ, ನಿಜ. ಅವರನ್ನೇ ವೇದಿಕೆಯ ಮೇಲೆ ತೋರಿಸುವುದು. ಕೆಳಗಿನ ಮೆಟ್ಟಿಲಲ್ಲಿ ಹೆಚ್ಚು ಜನ ನಿಂತಿರಲೇಬೇಕು, ನಷ್ಟವೂ ಅಲ್ಲಿಯೇ ನಿಲ್ಲಬೇಕು. ನಿಮ್ಮ ಸೋಮಾರಿತನದಿಂದ ಸೋತಿರೆಂದು ಸಭೆಯಲ್ಲಿ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ.

ಮತ್ತೊಂದು ಗುಟ್ಟಿದೆ. ಕಮಿಷನ್ ಬರಬೇಕಾದರೆ ತಿಂಗಳು ತಿಂಗಳೂ ಇಂತಿಷ್ಟು ಮಾಲು ತಮ್ಮ ಲೆಕ್ಕದಲ್ಲಿ ಎತ್ತಲೇಬೇಕು. ಗಿರಾಕಿ ಸಿಗದಿದ್ದರೆ ತಾವೇ ಕೊಳ್ಳುತ್ತಾರೆ. ಆ ಏಳು ಡಬ್ಬಿಗಳು ಹೀಗೆ ಎತ್ತಿದವು. ಅಂದರೆ ಮಾರುವವರೆಂದು ಕರೆಸಿಕೊಳ್ಳುವವರೇ ನಿಜವಾದ ಗಿರಾಕಿಗಳು! ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹರ್ಬಲೈಫ್ ಕಂಪನಿಯ ಮೇಲೆ ಹೂಡಿದ ದಾವೆಯ ತಿರುಳೂ ಇದೇ. 2016ರ ಜುಲೈಯಲ್ಲಿ ರಾಜಿಯಾಗಿ, ಕಂಪನಿ 20 ಕೋಟಿ ಡಾಲರ್ ತೆತ್ತಿತು. ಮರುವರ್ಷ ಹಣ ಕಳೆದುಕೊಂಡ ಸುಮಾರು ಮೂರೂವರೆ ಲಕ್ಷ ಜನರಿಗೆ ಚೆಕ್ಕು ಹೋಯಿತು. ಕಮಿಷನ್ನಿನಲ್ಲಿ ಮೂರರಲ್ಲಿ ಎರಡು ಪಾಲಾದರೂ ನಿಜವಾದ ಚಿಲ್ಲರೆ ಮಾರಾಟದ ರುಜುವಾತಿನ ಮೇಲೆಯೇ ಕೊಡತಕ್ಕದ್ದೆಂದು ಕಟ್ಟು ಹಾಕಿದರು. ಆ ಕಟ್ಟು ಅಮೆರಿಕದ ವ್ಯವಹಾರಕ್ಕೆ ಮಾತ್ರ. ಇಲ್ಲಿಯ ಬಡವರ ಹಣಕ್ಕೆ ಆ ಕಾವಲೇಕೆ ಬೇಡ?

ನಮ್ಮ ದೇಶದ ಲೆಕ್ಕವನ್ನೂ ನೋಡಬೇಕು. ಜಾರಿ ನಿರ್ದೇಶನಾಲಯ 2022ರ ಏಪ್ರಿಲ್‌ನಲ್ಲಿ ಆಮ್ವೇ ಇಂಡಿಯಾದ 757.77 ಕೋಟಿ ರೂಪಾಯಿಯ ಆಸ್ತಿಯನ್ನು ಜಪ್ತಿ ಮಾಡಿತು. ಕಂಪನಿ 1996-97ರಲ್ಲಿ ತಂದ ಷೇರು ಬಂಡವಾಳ 21.39 ಕೋಟಿ, 2020-21ರವರೆಗೆ ಲಾಭಾಂಶ, ರಾಯಧನ ಮುಂತಾದ ಹೆಸರಿನಲ್ಲಿ ಹೊರಗೆ ಕಳುಹಿಸಿದ್ದು 2,859.10 ಕೋಟಿ ಎಂದು ನಿರ್ದೇಶನಾಲಯದ ಹೇಳಿಕೆ. ಮಾಲಿನ ಬೆಲೆ ಪೇಟೆಯ ಅಂಥದೇ ಮಾಲಿಗಿಂತ ವಿಪರೀತವೆಂದೂ ಅದು ಆರೋಪಿಸಿತು. ತನಿಖೆಗೆ ಸಹಕರಿಸುತ್ತ ಬಂದಿದ್ದೇವೆಂದು ಕಂಪನಿ ಉತ್ತರಿಸಿತು. ಆರೋಪವನ್ನೇ ತೀರ್ಪೆಂದು ನಾವು ಕರೆಯುವುದಿಲ್ಲ. ಆದರೆ ಇಪ್ಪತ್ತೊಂದು ಕೋಟಿ ತಂದು ಸಾವಿರಗಟ್ಟಲೆ ಕೋಟಿ ಒಯ್ಯುವ ವ್ಯಾಪಾರದಲ್ಲಿ ನಮ್ಮ ಸೋದರಿಯ ಪಾಲು ಏಳು ಡಬ್ಬಿಯೆಂಬುದನ್ನು ವಾಚಕರು ಗಮನಿಸಬೇಕು.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ಅಂಗಡಿಯ ಮೂಲೆಯಲ್ಲಿ ಈ ಡಬ್ಬಿಗಳನ್ನಿಟ್ಟು ಗಿರಾಕಿಗಳನ್ನೇ ಸರಪಳಿಗೆ ಸೇರಿಸಹೊರಟಿದ್ದೀರಿ. ಯಶವಂತಪುರದ ಮಂಡಿಯಿಂದ ಬೇಳೆ ತಂದು ಕಾಸಿನ ಲಾಭಕ್ಕೆ ಮಾರುವ ನಿಮಗೆ ಇಂಥ ಕಮಿಷನ್ನು ಆಸೆ ಹುಟ್ಟಿಸುವುದು ಸಹಜ. ಆದರೆ ತಿಂಗಳ ಕೊನೆಯಲ್ಲಿ ಸಾಲದ ಪುಸ್ತಕ ನಂಬಿ ಬರುವ ಗಿರಾಕಿಯ ನಂಬಿಕೆಯೇ ನಿಮ್ಮ ಬಂಡವಾಳ. ಆ ಸೋದರಿ ಎರಡು ಡಬ್ಬಿಗಳನ್ನು ತಮ್ಮ ಲೈನಿನ ಇಬ್ಬರು ಗೆಳತಿಯರಿಗೆ ಸಾಲವಾಗಿ ಮಾರಿದ್ದರು. ಹಣವೂ ಬರಲಿಲ್ಲ, ಗೆಳತಿಯರು ಮಾತೂ ಬಿಟ್ಟರು. ಹತ್ತು ಜನ ಕೂಡಿ ನಡೆಸುತ್ತಿದ್ದ ಚೀಟಿ ಒಡೆಯಿತು. ನಾಳೆ ಬೋನಸ್ಸಿಗಾಗಿ ಒಟ್ಟಾಗಿ ನಿಲ್ಲಬೇಕಾದವರು ಇವರೇ ಅಲ್ಲವೆ?

ಕಾನೂನು ಇಲ್ಲದಿಲ್ಲ. 1978ರ ಕಾಯಿದೆ ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸಿದೆ. 2021ರ ಡಿಸೆಂಬರ್ 28ರಂದು ಕೇಂದ್ರ ಸರಕಾರ ನೇರ ಮಾರಾಟದ ನಿಯಮಗಳನ್ನು ಹೊರಡಿಸಿತು. ಸೇರುವವರಿಂದ ಪ್ರವೇಶ ಶುಲ್ಕ ವಸೂಲು ಮಾಡಕೂಡದು. ಮಾರುವವರು ಗುರುತಿನ ಚೀಟಿ ತೋರಿಸಬೇಕು, ಮೊದಲೇ ಕೇಳಿಕೊಳ್ಳದೆ ಮನೆಗೆ ನುಗ್ಗಕೂಡದು. ಪಿರಮಿಡ್ ಯೋಜನೆ ನಡೆಸಕೂಡದು. ಉಸ್ತುವಾರಿಗೆ ರಾಜ್ಯ ಸರಕಾರಗಳು ವ್ಯವಸ್ಥೆ ಮಾಡತಕ್ಕದ್ದು. ರಾಜ್ಯ ಸರಕಾರವನ್ನು ನಾವು ಕೇಳುವುದಿಷ್ಟೇ: ಯಲಹಂಕದಿಂದ ಯಶವಂತಪುರದವರೆಗೆ ಎಷ್ಟು ಸಭೆ ನಡೆಯುತ್ತಿವೆ, ಅಲ್ಲಿ ಯಾವ ರೋಗಕ್ಕೆ ಯಾವ ಪುಡಿ ಹೇಳುತ್ತಿದ್ದಾರೆ ಎಂಬುದನ್ನು ನಿಮ್ಮ ಅಧಿಕಾರಿಯೊಬ್ಬರು ಒಂದು ಭಾನುವಾರವಾದರೂ ಹೋಗಿ ಕೂತು ಕೇಳಿಬರಲಿ. ಕಮಿಷನ್ನಿಗೆ ಚಿಲ್ಲರೆ ಮಾರಾಟದ ರುಜುವಾತನ್ನು ಕಡ್ಡಾಯ ಮಾಡುವಂತೆ ಕೇಂದ್ರಕ್ಕೆ ಬರೆಯಲಿ. ಕಾರ್ಖಾನೆಗಳಲ್ಲಿ ವರ್ಷಕ್ಕೊಮ್ಮೆ ಹೆಂಗಸರ ರಕ್ತಪರೀಕ್ಷೆ ನಡೆಯಲಿ; ಗುಳಿಗೆ ಬೇಕಾದವರಿಗೆ ಅಲ್ಲಿಯೇ ಸಿಗಲಿ.

ಏಳು ಡಬ್ಬಿಗಳು ಸದ್ಯ ನಮ್ಮ ಕಚೇರಿಯ ಬೀರುವಿನಲ್ಲಿವೆ. ಮಾರಿಕೊಡಲು ನಾವು ಒಪ್ಪಲಿಲ್ಲ. ಹಣ ಹಿಂದಿರುಗಿಸಬೇಕೆಂದು ಕಂಪನಿಯ ದೂರು ಅಧಿಕಾರಿಗೆ ಅರ್ಜಿ ಬರೆದುಕೊಟ್ಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿಸಿದ್ದೇವೆ. ಅದರ ಫಲವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಇಂಥ ಡಬ್ಬಿಗಳು ಮನೆಯಲ್ಲಿ ಕೂತಿರುವವರು ಒಡೆಯದ ಡಬ್ಬಿ, ರಸೀತಿ, ಹಣ ಕಳಿಸಿದ ಫೋನಿನ ದಾಖಲೆ, ಸೇರುವಾಗ ಸಹಿ ಮಾಡಿದ ಕಾಗದ ಇವನ್ನು ತೆಗೆದುಕೊಂಡು ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಕಚೇರಿಗೆ ಬರಬಹುದು. ಅರ್ಜಿ ಬರೆದುಕೊಡಲು ಕಾಸು ಬೇಡ.