ಬರೆದಿಡದ ಆಟ

ಕನ್ನಡದಲ್ಲಿ 'ಹವ್ಯಾಸಿ' ಎಂಬ ಮಾತಿಗೆ ಒಳ್ಳೆಯ ಮರ್ಯಾದೆ ಇದೆ. ಆದರೆ ಆ ಮರ್ಯಾದೆ ಹೆಚ್ಚಾಗಿ ರಂಗಭೂಮಿಯ ಪಾಲಿಗೆ ಬಂದದ್ದು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿದ ಕಾಲದಿಂದಲೂ, ಹಗಲು ಕಚೇರಿಯಲ್ಲಿ ಕಡತ ನೋಡಿ ಸಂಜೆ ಬಣ್ಣ ಹಚ್ಚಿದವರನ್ನು ನಾವು ಕಲಾವಿದರೆಂದೇ ಕರೆದಿದ್ದೇವೆ. ಭೂವಿಜ್ಞಾನ ಓದಿದ್ದ ಟಿ.ಪಿ. ಕೈಲಾಸಂ ನಾಟಕಕ್ಕೆ ಬಿದ್ದದ್ದನ್ನು ನಾಡು ತನ್ನ ಭಾಗ್ಯವೆಂದು ಎಣಿಸಿತು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಹುದ್ದೆಗಳಲ್ಲಿದ್ದುಕೊಂಡೇ ಕನ್ನಡದ ಸಣ್ಣಕತೆಯನ್ನು ಕಟ್ಟಿ ನಿಲ್ಲಿಸಿದರು. ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಏನೇನು ಆಗಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅದೇ ತಾಲ್ಲೂಕಿನ ಹುಡುಗನೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ಆಯ್ದು ತಂದು ಮನೆಯಲ್ಲಿ ಕಂಪ್ಯೂಟರ್ ಜೋಡಿಸಿದರೆ, ಹೆಂಚಿನ ಕಾರ್ಖಾನೆಯ ಲೆಕ್ಕ ಬರೆಯುವವನು ಭಾನುವಾರದ ಕಬಡ್ಡಿಗೆ ಕ್ಯಾಮೆರಾ ಹೊತ್ತು ಹೋದರೆ, ನಾಲ್ಕು ಜನ ಗೆಳೆಯರು ಬೋರ್ಡ್ ಗೇಮ್ ಹರಡಿಕೊಂಡು ಕೂತರೆ, ಅದಕ್ಕೆ ಮನೆಯಲ್ಲಿ ಸಿಗುವ ಹೆಸರು ಗೀಳು, ಹುಚ್ಚು, ಕೆಲಸಕ್ಕೆ ಬಾರದ್ದು. ಸಾಂಸ್ಕೃತಿಕ ಪತ್ರಿಕೆಗಳಾದ ನಾವೂ ಇವನ್ನು ಸಂಸ್ಕೃತಿಯ ಹೊಸಿಲಿನಾಚೆಗೇ ಬಿಟ್ಟಿದ್ದೇವೆ. ಇದು ತಪ್ಪು ಎಂಬುದು ನನ್ನ ವಾದ. ಇವರೂ ಪೂರ್ಣ ಅರ್ಥದಲ್ಲಿ ಹವ್ಯಾಸಿಗಳು. ನಾಟಕದ ಹವ್ಯಾಸಿಗೆ ಇದ್ದು ಇವರಿಗೆ ಇಲ್ಲದಿರುವುದು ಒಂದೇ: ತಾವು ಕಂಡುಕೊಂಡದ್ದನ್ನು ಕನ್ನಡದಲ್ಲಿ ಬರೆದಿಡುವ ರೂಢಿ.

ಬರೆದಿಡದಿದ್ದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಹಳೆಯ ಗುಡಿಗಳ ಮಂಟಪದಲ್ಲೋ ಅರಳಿಕಟ್ಟೆಯ ಚಪ್ಪಡಿಯಲ್ಲೋ ತ್ರಿಕೋನವೊಂದರೊಳಗೆ ಅಡ್ಡಗೆರೆಗಳನ್ನು ಕೊರೆದಿರುವುದು ಕಾಣುತ್ತದೆ. ಅದು ಹುಲಿ-ಕುರಿ ಆಟದ ಮನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರಿಗೆ ಅದೇ ಪುಲಿಜೂದಂ, ತಮಿಳರಿಗೆ ಆಡುಪುಲಿ ಆಟ್ಟಂ. ಸಾಮಾನ್ಯವಾಗಿ ಗೆರೆ ಕೂಡುವ ಜಾಗಗಳು 23, ಹುಲಿಗಳು 3, ಕುರಿಗಳು 15. ಕುರಿಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಎಲ್ಲ ಕುರಿಗಳೂ ಮನೆಗೆ ಇಳಿಯುವ ತನಕ ಇಟ್ಟ ಕುರಿ ಅಲುಗುವಂತಿಲ್ಲ, ಹುಲಿ ಮಾತ್ರ ಪ್ರತಿ ಸರದಿಗೂ ನಡೆಯುತ್ತದೆ. ಹುಲಿ ಒಂದು ಕುರಿಯನ್ನು ಹಾರಿ ಅದರಾಚೆಯ ಖಾಲಿ ಜಾಗದಲ್ಲಿ ಇಳಿದರೆ ಆ ಕುರಿ ಹೋಯಿತು. ಕುರಿಗೆ ಕೊಲ್ಲುವ ಹಕ್ಕಿಲ್ಲ. ಹುಲಿ ಕದಲದಂತೆ ಸುತ್ತುಗಟ್ಟುವುದೊಂದೇ ಅದರ ಗೆಲುವು. ಚದುರಂಗದಲ್ಲಿ ಎರಡೂ ಕಡೆಯ ಬಲ ಸಮ. ಇಲ್ಲಿ ಒಂದು ಕಡೆ ಬಲ, ಇನ್ನೊಂದು ಕಡೆ ಬಳಗ. ಎರಡೂ ಕಡೆಗೆ ಬೇರೆಬೇರೆ ಬಲ, ಬೇರೆಬೇರೆ ಗುರಿ ಕೊಟ್ಟು ಆಟವನ್ನು ತೂಗಿಸುವುದನ್ನು ಇವತ್ತಿನ ಬೋರ್ಡ್ ಗೇಮ್ ರಚಿಸುವವರು ಬಹಳ ಕಷ್ಟದ ಕಸುಬೆಂದು ಎಣಿಸುತ್ತಾರೆ. ನಮ್ಮ ದನಗಾಹಿಗಳು ಅದನ್ನು ಬೆಣಚುಕಲ್ಲುಗಳಿಂದ ಆಡುತ್ತಿದ್ದರು. ಆದರೆ ಮೊದಲು ಹುಲಿಗಳನ್ನು ಎಲ್ಲಿ ಕೂರಿಸಬೇಕು, ಎಷ್ಟು ಕುರಿ ಹೋದರೆ ಸೋಲು ಎಂಬುದು ಊರಿಂದೂರಿಗೆ ಬೇರೆ, ಮತ್ತು ಆ ಬೇರೆತನವೆಲ್ಲ ಆಡಿದವರ ತಲೆಯೊಳಗೆ ಮಾತ್ರ ಇತ್ತು. ಆಡುವವರು ಹೋದ ಊರಿನಲ್ಲಿ ಗೆರೆ ಉಳಿದಿದೆ, ಆಟ ಉಳಿದಿಲ್ಲ.

ಚೌಕಾಬಾರದ ಕತೆಯೂ ಅದೇ. ಐದೈದು ಮನೆಯ ಚೌಕ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಕಾಯಿ ಹಣ್ಣಾಗುವುದು ಎಂಬ ಈ ಒಂದು ಮಾತನ್ನು ಕನ್ನಡಕ್ಕೆ ಕೊಟ್ಟ ಆಟವನ್ನು ನಾವು ಸಾಹಿತ್ಯದಷ್ಟೇ ಗೌರವದಿಂದ ದಾಖಲಿಸಬೇಕಿತ್ತು.

ದಾಖಲಿಸಿದವರು ಇಲ್ಲವೆಂದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟದ ವಿಷಯದಲ್ಲಿ ನಮ್ಮ ಇತಿಹಾಸದ ಅತಿ ದೊಡ್ಡ ಹವ್ಯಾಸಿ. ಚದುರಂಗದ ಕುದುರೆ ಒಮ್ಮೆ ಕಾಲಿಟ್ಟ ಮನೆಗೆ ಮತ್ತೆ ಬಾರದೆ 64 ಮನೆಗಳನ್ನೂ ಸುತ್ತಿ ಬರುವ ಲೆಕ್ಕವನ್ನು ಅವರು ಬಗೆಬಗೆಯಾಗಿ ಬಿಡಿಸಿದರು, ಹೊಸ ಆಟಗಳನ್ನು ಹೊಸೆದರು, ಗಂಜೀಫಾ ಎಲೆಗಳ ಆಟವನ್ನು ಬೆಳೆಸಿದರು. ಮುಖ್ಯವಾದದ್ದು, ಅದನ್ನೆಲ್ಲ ಬರೆಸಿಟ್ಟರು: ಶ್ರೀತತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳ ಚಿತ್ರವಿದೆ. ಇವತ್ತು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸಿ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ಕೊಡುತ್ತಿದೆ. ಅಂಥ ಕೆಲಸಕ್ಕೆ ಕೈಹಾಕುವವರಿಗೆ ಹಿಂದಿನವರ ಬರಹಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ.

ಅರಸನಿಗೆ ಬಿಡುವಿತ್ತು, ಚಿತ್ರಗಾರರಿದ್ದರು, ಅದನ್ನು ತೋರಿಸಿ ನಮಗೆ ಬುದ್ಧಿ ಹೇಳುವುದೇನು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗಾದರೆ ಅರಸನಲ್ಲದವರನ್ನು ನೋಡೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರೇಷಕವೊಂದನ್ನು ಇಟ್ಟು ಬಾನುಲಿ ಕೇಂದ್ರ ನಡೆಸಿದರು. ಅದು ಅವರ ಕೆಲಸವಾಗಿರಲಿಲ್ಲ. ಮನೆಯ ಮೇಲಿನ ಆ ಕಂಬಿ, ಆ ಯಂತ್ರ, ಕೈಯಿಂದ ಹಾಕಿದ ಹಣ, ಯಾವುದನ್ನು ನೋಡಿದರೂ ಅದು ಇವತ್ತು ನಾವು ಗೀಳು ಎನ್ನುವುದೇ. ಆದರೆ ಅವರು ಅದರಲ್ಲಿ ಕನ್ನಡದ ಕವಿಗಳನ್ನು ಓದಿಸಿದರು, ಅದಕ್ಕೆ 'ಆಕಾಶವಾಣಿ' ಎಂಬ ನಮ್ಮ ಮಾತಿನ ಹೆಸರು ಬಂತು. 1942ರಲ್ಲಿ ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊದ ಹೆಸರಾಯಿತು. ಯಂತ್ರದ ಗೀಳು ಭಾಷೆಯೊಡನೆ ಸೇರಿದ್ದರಿಂದ ಬಂದ ಫಲ ಅದು.

ಮನೆಯ ಕಂಪ್ಯೂಟರಿನ ಕಾಲಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಕನ್ನಡ ಕಂಪ್ಯೂಟರಿಗೆ ಬಂದದ್ದು ದೊಡ್ಡ ಕಂಪನಿಗಳ ಕೃಪೆಯಿಂದಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ಅಕ್ಷರ ಜೋಡಣೆಯ ವೃತ್ತಿಯಲ್ಲೇ ಇದ್ದವರು, ನಿಜ. ಆದರೆ ಇಂಗ್ಲಿಷಿನ 26 ಕೀಲಿಗಳಲ್ಲಿ ಕನ್ನಡವನ್ನು ಉಚ್ಚಾರದ ಕ್ರಮದಲ್ಲೇ ಕೂರಿಸುವ ಅವರ ಕೀಲಿಮಣೆ ವೃತ್ತಿಯ ಬೇಡಿಕೆಯನ್ನು ಮೀರಿದ ಶ್ರದ್ಧೆಯ ಫಲ. ಇವತ್ತು ಕಗಪ ಎಂಬ ಹೆಸರಿನಲ್ಲಿ ಲಕ್ಷಾಂತರ ಬೆರಳುಗಳಿಗೆ ಅದು ಅಭ್ಯಾಸವಾಗಿದೆ. ಶೇಷಾದ್ರಿವಾಸು ಚಂದ್ರಶೇಖರನ್ ದೂರದ ಅಮೆರಿಕದಲ್ಲಿ ಇಂಜಿನಿಯರ್ ಕೆಲಸ ಮಾಡುತ್ತ ಬಿಡುವಿನಲ್ಲಿ ಬರೆದ 'ಬರಹ' ತಂತ್ರಾಂಶ 1998ರಲ್ಲಿ ಹೊರಬಂದು ಉಚಿತವಾಗಿ ಹರಡಿತು. ಯು.ಬಿ. ಪವನಜ 1996ರಲ್ಲಿ ಅಂತರಜಾಲಕ್ಕೆ ಕನ್ನಡ ಪತ್ರಿಕೆ ತಂದರು, ಮುಂದೆ ಗ್ಯಾಜೆಟ್‌ಗಳ ಬಗ್ಗೆ ಕನ್ನಡದಲ್ಲೇ ಅಂಕಣ ಬರೆದರು. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿದ್ದ ದಿನಗಳು ನಮ್ಮ ಡಿ.ಟಿ.ಪಿ. ಅಂಗಡಿಗಳವರಿಗೆ ನೆನಪಿರುತ್ತವೆ. ಒಂದರಿಂದ ಇನ್ನೊಂದಕ್ಕೆ, ಎಲ್ಲದರಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಣ್ಣ ಸಣ್ಣ ಸಾಧನಗಳನ್ನು ಬರೆದವರಲ್ಲಿ ರಾತ್ರಿ ಊಟದ ಮೇಲೆ ಕೂತು ಕೆಲಸ ಮಾಡಿದ ಹವ್ಯಾಸಿಗಳೂ ಇದ್ದರು. 'ಕಾರ್ಯ' ಎಂದು ಬರೆವಾಗ ರಕಾರ ಅರ್ಕಾವತ್ತಾಗಬೇಕು, 'ರ‍್ಯಾಂಕ್' ಎಂದು ಬರೆವಾಗ ಆಗಬಾರದು. ಎರಡರಲ್ಲೂ ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. ಹಾಗಿರುವಾಗ ಯಂತ್ರಕ್ಕೆ ವ್ಯತ್ಯಾಸ ತಿಳಿಸಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಹಾಕಬೇಕಾಗುತ್ತದೆ. ಇಷ್ಟು ಸಣ್ಣ ಸಂಗತಿಗೆ ವಾರಗಟ್ಟಲೆ ತಲೆ ಕೊಡುವವರು ಅದರ ಮೇಲೆ ಪ್ರೀತಿ ಇದ್ದವರು ಮಾತ್ರ. ಈ ಪುಟ ನಿಮ್ಮ ಕಣ್ಣಿಗೆ ಸರಿಯಾಗಿ ಕಾಣುತ್ತಿರುವುದರಲ್ಲಿ ಅವರ ನಿದ್ದೆಯ ಪಾಲಿದೆ.

ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಇಲ್ಲಿ ಬಿಡಲಾಗದು. ಮೀನು ಹಿಡಿಯುವುದು, ಕ್ಯಾಮೆರಾ, ಹಕ್ಕಿ, ಕಡೆಗೆ ಕನ್ನಡ ತಂತ್ರಾಂಶ, ಅವರ ಗೀಳುಗಳಿಗೆ ಕೊನೆಯಿರಲಿಲ್ಲ. ಅವರನ್ನು ಉಳಿದ ಹವ್ಯಾಸಿಗಳಿಂದ ಬೇರೆ ಮಾಡಿದ್ದು ಗೀಳಿನ ತೀವ್ರತೆಯಲ್ಲ. ಹಕ್ಕಿಯ ಚಿತ್ರ ತೆಗೆದವರು ಬಹಳ ಮಂದಿ. 'ಹಕ್ಕಿಪುಕ್ಕ' ಬರೆದವರು ಅವರೊಬ್ಬರು. ಆ ಪುಸ್ತಕ ಇರುವುದರಿಂದ ಹಳ್ಳಿಯ ಶಾಲೆಯ ಮಗುವೂ ತನ್ನ ಬೇಲಿಯ ಮೇಲೆ ಕೂತದ್ದರ ಹೆಸರನ್ನು ಕನ್ನಡದಲ್ಲಿ ತಿಳಿಯಬಹುದು.

ಈಗ ಕ್ರೀಡಾ ಫೋಟೊಗ್ರಫಿಗೆ ಬರುತ್ತೇನೆ, ಏಕೆಂದರೆ ಬರೆದಿಡದ ತಿಳಿವಳಿಕೆ ಇವತ್ತು ಅತಿ ಹೆಚ್ಚು ಸೋರಿಹೋಗುತ್ತಿರುವುದು ಅಲ್ಲಿ. ನಮ್ಮ ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನೇ ತೆಗೆದುಕೊಳ್ಳಿ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ತಿರುಗುತ್ತದೆ. ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಕೆಲವು ಎಲ್‌ಇಡಿ ದೀಪಗಳು ಆ ಕಾರಣದಿಂದ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ರೈಡರ್‌ನ ಕಾಲು ಮಸುಕಾಗದಿರಲೆಂದು ಶಟರನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟರೆ, ಅದು ಆ ಮಿನುಗಿನ ಒಂದು ತುಣುಕನ್ನಷ್ಟೇ ಹಿಡಿಯುತ್ತದೆ. ಒಂದು ಚಿತ್ರ ಬೆಳಗಿದರೆ ಮರುಚಿತ್ರ ಕಪ್ಪು, ಇನ್ನೊಂದರಲ್ಲಿ ಅರ್ಧ ಹಳದಿ. ನೂರರ ಒಂದು ಭಾಗಕ್ಕೆ ಇಳಿಸಿದರೆ ಬೆಳಕು ಸಮನಾಗುತ್ತದೆ, ಕಾಲು ಕಲಸಿಹೋಗುತ್ತದೆ. ಆಗ ಉಳಿಯುವ ದಾರಿ ಆಟವನ್ನೇ ಓದುವುದು. ರೈಡರ್ ಸುಮ್ಮನೆ ಓಡುವವನಲ್ಲ. ಕೈ ಚಾಚುವ ಮುನ್ನ, ಬೋನಸ್ ಗೆರೆಯಾಚೆ ಪಾದ ಊರುವ ಮುನ್ನ, ಒಂದು ಗಳಿಗೆ ತಡೆದು ನಿಲ್ಲುತ್ತಾನೆ. ಎದುರಿಗೆ ಆರು ಮಂದಿಗಿಂತ ಕಡಿಮೆ ಇದ್ದರೆ ಬೋನಸ್ ಇಲ್ಲ, ಹಾಗಾಗಿ ಅವನು ಆ ಗೆರೆಗೆ ಹೋಗುವುದಿಲ್ಲ. ಎರಡು ಖಾಲಿ ರೈಡ್ ಆದ ಮೇಲಿನ ಮೂರನೆಯದರಲ್ಲಿ ಅವನು ಅಂಕ ಗಳಿಸಲೇಬೇಕು, ಇಲ್ಲವೇ ಔಟ್. ಇದು ತಿಳಿದವನು ಯಾವ ಮೂಲೆಯಲ್ಲಿ ಕೂರಬೇಕೆಂದು ಮೊದಲೇ ತಿಳಿದಿರುತ್ತಾನೆ. ಹಣೆಯ ನರ ಬಿಗಿದ ಆ ಕ್ಷಣ ಅವನ ಚಿತ್ರದಲ್ಲಿ ಸಿಗುತ್ತದೆ. ಬೆಲೆಬಾಳುವ ಕ್ಯಾಮೆರಾ ಇದ್ದೂ ಆಟ ತಿಳಿಯದವನಿಗೆ ಸಿಗುವುದಿಲ್ಲ. ಇಂಥ ಅನುಭವ ಇರುವವರು ನಮ್ಮ ತಾಲ್ಲೂಕುಗಳಲ್ಲೂ ಇರಲೇಬೇಕು. ಅವರ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ದಿನ ಓಡಾಡಿ ಮುಗಿಯುತ್ತವೆ. ಮೇಲಿನ ಮಾತುಗಳನ್ನು ಅವರಲ್ಲೊಬ್ಬರು ತಮ್ಮದೇ ಅನುಭವದಿಂದ ಹತ್ತು ಪುಟ ಬರೆದಿದ್ದರೆ ಮುಂದಿನ ಹುಡುಗಿ ಸೊನ್ನೆಯಿಂದ ಶುರು ಮಾಡಬೇಕಿರಲಿಲ್ಲ.

ಹುಡುಗಿ ಎಂದೆ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇರುವುದು ಅಲ್ಲೇ: ಬಿಡುವು ಎಲ್ಲರಿಗೂ ಸಮನಾಗಿ ಹಂಚಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮಾಲೂರಿಗೆ ಇಳಿಯುವವರಿಗೆ, ಹಾಲು ಕರೆದು ಡೈರಿಗೆ ಹಾಕಿ ಮನೆಗೆಲಸಕ್ಕೆ ಕೂರುವ ಹೆಂಗಸಿಗೆ, ಕ್ಯಾಮೆರಾ, ಕಂಪ್ಯೂಟರಿನ ಮಾತು ಉಳ್ಳವರ ಮಾತಾಗಿ ಕೇಳಿಸಿದರೆ ತಪ್ಪಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೌಕಾಬಾರವನ್ನು ಮಧ್ಯಾಹ್ನದ ಅರೆಗಳಿಗೆಯಲ್ಲಿ ನೆಲದ ಮೇಲೆ ಬಳಪದಲ್ಲಿ ಗೆರೆ ಎಳೆದು ಉಳಿಸಿಕೊಂಡು ಬಂದವರಲ್ಲಿ ಹೆಂಗಸರೇ ಹೆಚ್ಚು, ಮತ್ತು ಅದಕ್ಕೆ ಹುಣಸೆಬೀಜಕ್ಕಿಂತ ಹೆಚ್ಚಿನ ಖರ್ಚಿರಲಿಲ್ಲ. ಅಗ್ಗದ ಹವ್ಯಾಸ ಮೊದಲು ಸತ್ತು ದುಬಾರಿಯದು ಉಳಿಯುವುದಕ್ಕೆ ಒಂದು ಕಾರಣ, ದುಬಾರಿಯದರ ಜೊತೆಗೆ ಅಚ್ಚಾದ ಕೈಪಿಡಿ ಬರುತ್ತದೆ, ಅಗ್ಗದ್ದಕ್ಕೆ ಕೈಪಿಡಿ ಬರೆದವರಿಲ್ಲ. ತಾಲ್ಲೂಕಿನ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಒಂದು ಮೇಜು, ಶಾಲೆಯಲ್ಲಿ ಬೀಗ ಹಾಕಿಟ್ಟ ಕಂಪ್ಯೂಟರಿನ ಕೀಲಿಕೈ, ಇಷ್ಟು ಸಿಕ್ಕರೂ ಬಹಳ ಮಂದಿಗೆ ಬಾಗಿಲು ತೆರೆಯುತ್ತದೆ.

ಮಕ್ಕಳು ಹಾಳಾಗುತ್ತಾರೆ ಎಂಬ ತಂದೆತಾಯಿಯರ ಭಯವೂ ಹಗುರವಾದುದಲ್ಲ. ಮಹಾಭಾರತದ ಪಗಡೆಯನ್ನು ಕೇಳಿ ಬೆಳೆದ ನಾಡು ಆಟವೆಂದರೆ ಜೂಜಿಗೆ ಹೆದರುವುದು ಸಹಜ. ಪುಲಿಜೂದಂ ಎಂಬ ಹೆಸರಿನಲ್ಲೇ ಜೂಜು ಇದೆ. ಆದರೆ ಹುಲಿ-ಕುರಿಯಲ್ಲಿ ದಾಳವಿಲ್ಲ, ಗರವಿಲ್ಲ, ಅದೃಷ್ಟಕ್ಕೆ ಎಡೆಯೇ ಇಲ್ಲ. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದಿತು. ಆ ಆಟಗಳು ಮನೆಗಳನ್ನು ಮುರಿದದ್ದು ನಿಜವಾದ್ದರಿಂದಲೇ, ಎರಡನ್ನೂ ಒಂದೇ ತಕ್ಕಡಿಗೆ ಹಾಕದಿರುವುದು ಮುಖ್ಯ. ನನಗೆ ತೋಚುವ ಒರೆಗಲ್ಲು ಇದು: ಒಂದು ವರ್ಷ ಅದರಲ್ಲಿ ಕಳೆದವರು ಇನ್ನೊಬ್ಬರಿಗೆ ಏನನ್ನಾದರೂ ಕಲಿಸಬಲ್ಲರೇ? ಬೆರಳಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಹೋದವರು ಕಲಿಸಲಾರರು. ಕಂಪ್ಯೂಟರ್ ಬಿಚ್ಚಿ ಜೋಡಿಸಿದವರು ಕಲಿಸಬಲ್ಲರು.

ಇನ್ನು ಕೆಲವರು ಕೇಳುವುದು: ಇದೆಲ್ಲ ಇಂಗ್ಲಿಷಿನಲ್ಲಿ ಇದೆಯಲ್ಲ, ಮತ್ತೆ ಕನ್ನಡದಲ್ಲೇಕೆ? ಕ್ಯಾಮೆರಾದ ಇಂಗ್ಲಿಷ್ ಕೈಪಿಡಿಗೆ ನಮ್ಮ ಊರ ಅಂಗಳದ ಟ್ಯೂಬ್‌ಲೈಟು ಗೊತ್ತಿಲ್ಲ; ಅರ್ಕಾವತ್ತಿನ ಕಷ್ಟ ಇಂಗ್ಲಿಷಿಗೆ ಬರುವುದೇ ಇಲ್ಲ. ಪದಗಳಿಲ್ಲ ಎಂದು ಹಿಂಜರಿಯಬೇಕಾಗಿಯೂ ಇಲ್ಲ. ಶಟರು, ಲೆನ್ಸು, ರೈಡು, ಫೈಲು ಆಗಲೇ ಕನ್ನಡದ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿವೆ. ಬೇಕಾದಾಗ ನಮ್ಮ ಕ್ರೀಡಾಪುಟಗಳು 'ಹೊನಲು ಬೆಳಕು' ಎಂಬಂಥ ಸೊಗಸಾದ ಮಾತನ್ನೂ ಬಳಕೆಗೆ ತಂದಿವೆ.

ಆದ್ದರಿಂದ ಈ ಸಂಚಿಕೆಯಿಂದ ಕೆಲವು ಪುಟಗಳನ್ನು ಇಂಥ ಬರಹಕ್ಕೆ ತೆಗೆದಿಡುತ್ತಿದ್ದೇವೆ. ಮೊದಲು ಬೇಕಾಗಿರುವುದು ಹುಲಿ-ಕುರಿಯ ನಿಯಮಗಳು. ನಿಮ್ಮ ಊರಿನ ಕಲ್ಲಿನ ಮೇಲೆ ಎಷ್ಟು ಗೆರೆ? ಮೂರು ಹುಲಿಗಳಲ್ಲಿ ಒಂದನ್ನು ತುದಿಗೆ ಕೂರಿಸುತ್ತೀರೋ, ಮೂರನ್ನೂ ಕೆಳಗೋ? ಒಂದೇ ಸರದಿಯಲ್ಲಿ ಹುಲಿ ಎರಡು ಕುರಿ ಹಾರಬಹುದೋ? ಐದು ಕುರಿ ಹೋದರೆ ಆಟ ಮುಗಿಯಿತೋ, ಕೊನೆಯ ಕುರಿಯ ತನಕ ನಡೆಯುತ್ತದೋ? ಆಡಿದ ಅಜ್ಜಿ ತಾತ ಮನೆಯಲ್ಲಿದ್ದರೆ ಅವರ ಎದುರು ಕಾಗದ ಇಟ್ಟು ಗೆರೆ ಎಳೆಸಿ, ಅವರು ಆಡುವಾಗ ಹೇಳುವ ಮಾತು ತೆಲುಗೋ ತಮಿಳೋ ಕನ್ನಡವೋ, ಹೇಗಿದೆಯೋ ಹಾಗೆ ಬರೆದು ಕಳುಹಿಸಿ.